ಹಿತ್ತಲಿಗೆ ಬಿದ್ದಿರುವ ಬಾರ್ ಹಲಗೆಯವರಿಗೆ

ಮಾನ್ಯ ಹಲಗೆಯವರೇ,

ಬಾರಿನ ಹಿತ್ತಲಲ್ಲಿ, ಖಾಲಿ ಪೀಪಾಯಿಗಳ ಮೇಲೆ ಅಂಗಾತ ಪವಡಿಸಿರುವ ತಮಗೆ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಎಂದದ್ದು ಬಾಯಿಮಾತಿಗೆ. ನನ್ನ ಮಂಡಿ ಬಗ್ಗುವುದಿಲ್ಲವೆಂದು ಇಷ್ಟು ವರ್ಷ ನನ್ನ ಮೊಣಕೈ ಹೊತ್ತ ತಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ಶಾಲೆಯಲ್ಲಿ ಪಾಠ ಹೇಳುವ ಸೊಸೆ ದಪ್ಪ ನಿಘಂಟು ತೆಗೆದು ತಮ್ಮ ವಂಶಾವಳಿ ಓದಿದಳು. 'ಬಾರ್' ಎಂದರೆ ಮೊದಲು ಬಾಗಿಲಿಗೆ ಹಾಕುವ ಅಡ್ಡಪಟ್ಟಿಯಂತೆ. ಕೋರ್ಟಿನ ಕಟಕಟೆಗೂ, ಅದರಿಂದ ವಕೀಲರ ಕೂಟಕ್ಕೂ ಅದೇ ಹೆಸರಂತೆ. ಕುಡಿಸುವವನಿಗೂ ಕುಡಿಯುವವನಿಗೂ ನಡುವೆ ಅಡ್ಡ ಮಲಗಿದ ಹಲಗೆಗೂ ಅದೇ ಹೆಸರು ಬಿದ್ದು, ಕೊನೆಗೆ ಹಲಗೆಯ ಹೆಸರೇ ಇಡೀ ಅಂಗಡಿಗೆ ಅಂಟಿತಂತೆ. ಅಂದರೆ ತಾವೇ ಬಾರ್. ಮಿಕ್ಕದ್ದೆಲ್ಲ ಬರೀ ಗೋಡೆ.

ಇಂಥ ತಮ್ಮನ್ನು ಕಿತ್ತೆಸೆದು, ಒಳಗೆ ಎದುರುಬದುರು ಸೋಫಾ ಹಾಕಿಸಿ, ಹೊರಗೆ ಮಾತ್ರ ತಮ್ಮ ಹೆಸರನ್ನೇ ದೀಪದಲ್ಲಿ ಉರಿಸುತ್ತಿರುವ ಹೊಸ ಮಾಲೀಕರ ಬುದ್ಧಿಯನ್ನು ಎಷ್ಟು ಹೊಗಳಿದರೂ ಕಡಿಮೆ. ಕುದುರೆ ಬಿಚ್ಚಿ ಕಳಿಸಿ ಗಾಡಿಗೆ ಚಾಟಿ ಬೀಸುವವರು ಇಂಥವರೇ ಇರಬೇಕು.

ಸೋಫಾದಿಂದ ನನ್ನನ್ನು ಎಬ್ಬಿಸಲು ಇಬ್ಬರು ಬೇಕು, ಅದು ಹಾಳಾಗಲಿ. ನನ್ನ ಸಂಕಟ ಭಾವನದು. ನನ್ನ ಹೆಂಡತಿ ತೀರಿಕೊಂಡ ದಿನ ನಾನೂ ಅವಳಣ್ಣನೂ ಆಡಬಾರದ್ದನ್ನು ಆಡಿಕೊಂಡೆವು. ಆಮೇಲೆ ನಮ್ಮ ಮಾತುಕತೆ ನಡೆದದ್ದು ತಮ್ಮ ಮೇಲೆ ಮಾತ್ರ: ಪಕ್ಕಪಕ್ಕ ಮೊಣಕೈಯೂರಿ, ಇಬ್ಬರೂ ಬಾಟಲಿಗಳ ಕಡೆ ಮುಖ ಮಾಡಿ. "ಮಾತ್ರೆ ತಗೊಂಡ್ಯೇನೋ, ದರಿದ್ರದವನೇ?" ಎಂದು ಅವನು ಬಾಟಲಿಯನ್ನು ಕೇಳುವುದು, "ತಗೊಂಡೆ, ನಿಂಗ್ಯಾಕೆ?" ಎಂದು ನಾನು ಬಾಟಲಿಗೇ ಹೇಳುವುದು. ಈಗ ಎದುರಿಗೆ ಕೂತರೆ ಅವನ ಮುಖದಲ್ಲಿ ಅವಳ ಮೂಗು ಕಾಣುತ್ತದೆ. ಇಬ್ಬರ ಬಾಯಿಯೂ ಕಟ್ಟುತ್ತದೆ.

ಆದ್ದರಿಂದ ತಾವು ದಯಮಾಡಿ ಎದ್ದು, ನಡೆದು, ಒಳಗೆ ಬರಬೇಕು. ಕಾಲಿಲ್ಲವೆಂಬ ನೆಪ ಬೇಡ. ಮಾಲೀಕರು ತಲೆಯಿಲ್ಲದೆ ಅಂಗಡಿ ನಡೆಸುತ್ತಿಲ್ಲವೇ? ಅದಾಗದಿದ್ದರೆ ತಮ್ಮ ಹೆಸರನ್ನಾದರೂ ವಾಪಸು ಕರೆಸಿಕೊಳ್ಳಿ. ವಕೀಲರು ತಮಗೆ ನೆಂಟರೇ ಅಲ್ಲವೇ, ಪುಕ್ಕಟೆ ವಾದಿಸಿಯಾರು.

ತಮ್ಮ ವಿಶ್ವಾಸಿ,
ತಮ್ಮ ಎಡತುದಿಯ ಮೊಣಕೈ

ಮರೆತಿದ್ದೆ: ನಿನ್ನೆ ಸಂಜೆ ನಾನೂ ಭಾವನೂ ತಮ್ಮ ಮೇಲೆ ಮೊಣಕೈಯೂರಿ ಹಿತ್ತಲ ಗೋಡೆ ನೋಡುತ್ತ ನಿಂತಿದ್ದಾಗ ಮಾಲೀಕರು ಓಡಿಬಂದು, "ತಾತ, ಇಲ್ಲೆಲ್ಲ ಕುಡಿಯೋ ಹಾಗಿಲ್ಲ, ಬಾರ್ ಒಳಗಿದೆ" ಎಂದರು. "ಒಳಗಿರೋದು ನಿನ್ನ ಸೋಫಾ ಕಣಯ್ಯ" ಎಂದು ಭಾವ ಗೋಡೆಗೆ ಹೇಳಿ, ಮಾತ್ರೆ ತಗೊಂಡ್ಯಾ ಎಂದೂ ಅದನ್ನೇ ಕೇಳಿದ. ಆ ದೀಪದ ಬೋರ್ಡನ್ನು ಇತ್ತ ಕಳಿಸಲು ಮಾಲೀಕರಿಗೆ ತಿಳಿಸಿ. ಇಲ್ಲಿ ಸ್ವಲ್ಪ ಕತ್ತಲೆ.