ಮೂರು ಸಾಕ್ಷಿಯ ಚಿಕ್ಕಮ್ಮ

ನಮ್ಮ ಚಿಕ್ಕಮ್ಮ ಸೂರ್ಯ ಪೂರ್ವಕ್ಕೆ ಹುಟ್ಟುತ್ತಾನೆಂಬುದನ್ನು ಇನ್ನೂ ಪೂರ್ತಿ ಒಪ್ಪಿಲ್ಲ. ಮತ್ತೊಬ್ಬರು ಹೇಳಬೇಕಂತೆ!

ತಪ್ಪು ಆಕೆಯ ಕೆಲಸದ್ದು. ರಾಯದುರ್ಗದ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು, ಟೊಮ್ಯಾಟೊ ಎಲೆ ಮುದುಡಿಸುವ ವೈರಸ್ಸುಗಳ ಡಿಎನ್‌ಎ ಓದುತ್ತಾಳೆ. ಎರಡು ವೈರಸ್ಸು ಒಂದೇ ಗಿಡ ಹೊಕ್ಕರೆ ಇದರ ತುಂಡು ಅದಕ್ಕೆ ಕೂಡಿಕೊಂಡು ಹೊಸದೊಂದು ಹುಟ್ಟುತ್ತದಂತೆ. ಕೂಡಿದ ಜಾಗ ಹುಡುಕುವ ಸಾಫ್ಟ್‌ವೇರಿನಲ್ಲಿ ಹಲವು ವಿಧಾನಗಳಿವೆ. ಒಂದು ಹೇಳಿದರೆ ಚಿಕ್ಕಮ್ಮ ನಂಬುವುದಿಲ್ಲ, ಮೂರು ಹೇಳಬೇಕು. ವೃತ್ತಿಯ ಶಿಸ್ತು, ಒಪ್ಪೋಣ. ಆದರೆ ಸಾರಿನ ಉಪ್ಪಿಗೂ ಮೂರು ಸಾಕ್ಷಿಯೇ? ನಾನಾಯಿತು, ಅಮ್ಮನಾಯಿತು, ಕೊನೆಗೆ ಎದುರುಮನೆಯ ಟೈಲರ್ ಕೊರಳಲ್ಲಿ ಟೇಪು ಹಾಕಿಕೊಂಡೇ ಬಂದು ರುಚಿ ನೋಡಿ ಹೋಗುವಷ್ಟರಲ್ಲಿ ಸಾರು ಆರಿ ತಣ್ಣಗಾಗಿತ್ತು.

ಒಮ್ಮೆ ಕಣೇಕಲ್ಲಿಗೆ ಹೊರಟೆವು. ಬಸ್ಸಿನ ಬೋರ್ಡು ಕಣೇಕಲ್ಲು ಎನ್ನುತ್ತಿತ್ತು, ಕಂಡಕ್ಟರೂ ಅದನ್ನೇ ಕೂಗುತ್ತಿದ್ದ. ಚಿಕ್ಕಮ್ಮ ಬೆಂಚಿನ ಮೇಲೆ ತೂಕಡಿಸುತ್ತಿದ್ದ ಹಿರಿಯರೊಬ್ಬರನ್ನು ಎಬ್ಬಿಸಲು ಹೋದಳು. ಅವರು ಕಣ್ಣು ಬಿಡುವುದರೊಳಗೆ ಬಸ್ಸು ಹೊರಟುಹೋಯಿತು. ಹೋದದ್ದು ಕಣೇಕಲ್ಲಿನ ಬಸ್ಸೇ ಎಂದು ಅವರು ಖಾತ್ರಿ ಮಾಡಿದ ಮೇಲೆಯೇ ಆಕೆಗೆ ಸಮಾಧಾನ!

ಇಷ್ಟಕ್ಕೇ ನಿಂತಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಲ್ಯಾಬಿಗೆ ಕಳಿಸಲೆಂದು ಮಡಕಶಿರಾದ ತೋಟಗಳಿಂದ ರೋಗದ ಎಲೆ ತಂದುಕೊಡುವ ತೋಟಗಾರಿಕೆ ಅಧಿಕಾರಿಯೊಬ್ಬರಿದ್ದರು. ಚಿಕ್ಕಮ್ಮನಷ್ಟೇ ವಯಸ್ಸು, ಆಕೆಯಂತೆಯೇ ಮದುವೆಯಾಗಿರಲಿಲ್ಲ, ಅಷ್ಟೇ ಸಂಕೋಚ. ಪಾರ್ಸೆಲಿನಲ್ಲಿ ಕಳಿಸಬಹುದಾದ ಎಲೆಯನ್ನು ಬಸ್ಸು ಹತ್ತಿ ತರುತ್ತಿದ್ದರು. ಅವರಿಗೆ ಈಕೆ ಇಷ್ಟವೆಂದು ಅಮ್ಮ ಹೇಳಿದಳು. ಅವರ ತಂಗಿಯೇ ಫೋನ್ ಮಾಡಿದಳು: "ನಮ್ಮಣ್ಣಂಗೆ ನೀವಂದ್ರೆ ಬಲು ಇಷ್ಟ ಕಣಕ್ಕ. ಅವ್ನು ಬಾಯ್ಬಿಡಲ್ಲ, ನೀವೇ ಒಂದ್ ಮಾತು ಅಂದ್ಬುಡಿ."

ಎರಡಾಯಿತು. ಮೂರನೆಯದು ಅವರ ಬಾಯಿಂದಲೇ ಬರಲೆಂದು ಚಿಕ್ಕಮ್ಮ ಕಾದಳು. ಅವರು ಎಲೆ ತಂದರು, ಕಾಫಿ ಕುಡಿದರು, ಹೋದರು. ಆಮೇಲೆ ಎಲೆ ಪಾರ್ಸೆಲಿನಲ್ಲಿ ಬರತೊಡಗಿತು. ಹಿಂದೆಯೇ ರೊಳ್ಳ ಎಂಬ ಊರಿನ ಹುಡುಗಿಯೊಂದಿಗೆ ಅವರ ಲಗ್ನಪತ್ರಿಕೆಯೂ ಬಂತು.

ಮದುವೆಯೂಟ ಮುಗಿಸಿ ಹಿಂದಿರುಗುವಾಗ ಬಸ್ಸಿನಲ್ಲಿ, ಆಕೆಯನ್ನು ನಗಿಸಲೆಂದು, ನಿಮ್ಮಿಬ್ಬರನ್ನೂ ಆ ಸಾಫ್ಟ್‌ವೇರಿಗೆ ಹಾಕಿ ನೋಡಬೇಕಿತ್ತು ಎಂದೆ.

"ಹಾಕಿದ್ರೂ ತೋರಿಸ್ತಿದ್ದಿಲ್ಲವ್ವ," ಎಂದಳು. "ಎರಡೂ ತೀರಾ ಒಂದ ಥರ ಇದ್ರ, ಕೂಡಿದ್ದು ಅದಕ್ಕ ಕಾಣಂಗಿಲ್ಲ. ಅವರೂ ನನ್ನಂಗ. ನಾನು ಹೇಳ್ಲಿ ಅಂತ ಕಾದರಂತ. ಅವರ ತಂಗಿ ಈಗ ಊಟದಾಗ ಹೇಳಿದ್ಲು."

ಆಕೆ ಕಿಟಕಿಯ ಕಡೆ ಮುಖ ಮಾಡಿದಳು.

"ನನಗ ಅವರು ಭಾಳ ಇಷ್ಟ ಇದ್ರು."

ಅದನ್ನು ಆಕೆ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಕೇಳಲು ಪಕ್ಕದಲ್ಲಿ ಇದ್ದದ್ದು ನಾನು ಮಾತ್ರ.