ಚಿಪ್ಸ್ ಡಬ್ಬಿಯ ಒತ್ತುವರಿ

ಕಳೆದ ಶನಿವಾರ ಬೆಳಿಗ್ಗೆ ಆಲುವಾದ ನಮ್ಮ ಮನೆಯಲ್ಲಿ, ಗಾಳಿಯಾಡದ ಏಕೈಕ ಡಬ್ಬಿಯಿಂದ ನೇಂದ್ರಬಾಳೆಯ ಚಿಪ್ಸನ್ನು ತೆರವುಗೊಳಿಸಲಾಯಿತು. ಯಾರು ತೆರವುಗೊಳಿಸಿದರು ಎಂದು ಹೇಳದ ವರದಿಯನ್ನು ಸುದ್ದಿಮನೆಯಲ್ಲಿ ನಾನು ವಾಪಸು ಕಳಿಸುವವನು. ಆದ್ದರಿಂದ ಹೇಳಿಬಿಡುತ್ತೇನೆ: ನನ್ನ ಹೆಂಡತಿ ವೀಣಾ. ಚಿಪ್ಸಿನ ಜಾಗಕ್ಕೆ ಬಂದವು ಉಗುರಗಲದ ಎರಡು ಗಾಜಿನ ಚೂರುಗಳು. ಮಳೆಗಾಲದ ಕೇರಳದಲ್ಲಿ ಇದು ಸಣ್ಣ ಅನ್ಯಾಯವಲ್ಲ. ಇಲ್ಲಿ ಬೆಳಿಗ್ಗೆ ಕರಿದ ಹಪ್ಪಳವನ್ನು ಮಧ್ಯಾಹ್ನ ಕರವಸ್ತ್ರದಂತೆ ಮಡಚಬಹುದು.

ವೀಣಾ ತಿರುವನಂತಪುರದ ಪ್ರಯೋಗಾಲಯವೊಂದರಲ್ಲಿ ಬೆಳಕನ್ನು ಗುರುತಿಸುವ ಸಾಧನಗಳನ್ನು ಮಾಡುತ್ತಾಳೆ; ವಾರಾಂತ್ಯಕ್ಕೆ ಅಲ್ಲಿನ ತಂಪಾನೂರು ನಿಲ್ದಾಣದಲ್ಲಿ ರೈಲು ಹತ್ತಿ ಮನೆಗೆ ಬರುತ್ತಾಳೆ. ಗಾಜಿನ ಮೇಲಿದ್ದದ್ದು ಪೆರೋವ್‌ಸ್ಕೈಟ್ ಎಂಬ ವಸ್ತುವಿನ ತೆಳು ಕಂದು ಪದರ. ಬೆಳಕು ಬಿದ್ದರೆ ಅದರಲ್ಲಿ ವಿದ್ಯುತ್ ಹರಿಯುತ್ತದೆ. ಸೋಮವಾರ ಕೊಚ್ಚಿಯ ಯಂತ್ರವೊಂದರಲ್ಲಿ ಎರಡನ್ನೂ ಅಳೆಯಬೇಕಿತ್ತು. ಆ ಸರದಿಗಾಗಿ ಅವಳು ತಿಂಗಳುಗಟ್ಟಲೆ ಕಾದಿದ್ದಳು.

“ಎರಡೂ ಒಂದೇ ಥರ ಇವೆಯಲ್ಲೇ?” ಎಂದೆ.

“ಒಂದು ಬರೀ ಮೈ, ಇನ್ನೊಂದಕ್ಕೆ ಲೇಪ ಇದೆ ಕಣ್ರೀ. ಪಳಗದ ಕಾವಲಿಲಿ ದೋಸೆ ಅಲ್ಲಲ್ಲೇ ಹಿಡ್ಕೊಳ್ಳಲ್ವಾ? ಹಾಗೇ ಇದರ ಮೇಲ್ಮೈ ಕುಂದುಗಳಲ್ಲಿ ವಿದ್ಯುತ್ ಸಿಕ್ಕಿಬೀಳತ್ತೆ. ಲೇಪ ಕುಂದು ಮುಚ್ಚತ್ತೆ, ನೀರಿನ ಪಸೇನೂ ತಡೆಯತ್ತೆ. ಆಗ ಮಂದ ಬೆಳಕೂ ಗೊತ್ತಾಗತ್ತೆ.”

ಮದುವೆಯಾದಾಗಿನಿಂದ ನನ್ನ ಮೇಲ್ಮೈಗೆ ಇಷ್ಟು ಆರೈಕೆ ನಡೆದದ್ದಿಲ್ಲ.

ಭಾನುವಾರ ಅವಳು ಸಾಮಾನು ತರಲು ಕೊಚ್ಚಿಯ ಎಡಪ್ಪಳ್ಳಿಗೆ ಹೋದಾಗ ಅಭ್ಯಾಸಬಲದಿಂದ ಡಬ್ಬಿ ತೆರೆದೆ. ಚಿಪ್ಸ್ ಇರಲಿಲ್ಲ. ಸಿಟ್ಟಿನಲ್ಲಿ ಮುಚ್ಚಳ ಹಾಕದೆ ಹೊರಟೆ. ಸಂಜೆ ಅಡುಗೆಮನೆಯಿಂದ ಕೂಗು ಕೇಳಿಸಿತು: “ಯಾರು ತೆಗೆದಿದ್ದು ಇದನ್ನ?”

“ಅಚ್ಛನ್ ತನ್ನೆ, ಅಮ್ಮೇ,” ಎಂದು ಅಪ್ಪನತ್ತಲೇ ಬೆರಳು ತೋರಿಸಿ ಮಗಳು ಸಾಕ್ಷಿ ನುಡಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ದ್ರೋಹವೆಲ್ಲ ಮಲಯಾಳದಲ್ಲಿ.

ಬರೀ ಮೈಯ ಚೂರು ಹಳದಿಗೆ ತಿರುಗಿತ್ತು. ವೀಣಾಳ ಕಣ್ಣು ತುಂಬಿತ್ತು. ಇನ್ನೊಂದು ಚೂರನ್ನು ಚಿಮಟದಲ್ಲಿ ಎತ್ತಿ ದೀಪಕ್ಕೆ ಹಿಡಿದಳು. “ಅಯ್ಯೋ, ಲೇಪದ್ದು ಹಾಗೇ ಇದೆ ರೀ! ಒಂಚೂರೂ ಬಣ್ಣ ಬಿಟ್ಟಿಲ್ಲ!”

“ಹಾಗಾದರೆ ನನ್ನ ಡಬ್ಬಿ ಕೊಡು.”

“ಇನ್ನು ಇದರಲ್ಲಿ ತಿನ್ನೋದು ಇಡೋ ಹಾಗಿಲ್ಲ. ಪೆರೋವ್‌ಸ್ಕೈಟಲ್ಲಿ ಸೀಸ ಇದೆ.”

ಇದನ್ನು ಶನಿವಾರ ಯಾರೂ ಹೇಳಿರಲಿಲ್ಲ.

ಸೋಮವಾರ ಲೇಪದ ಚೂರು ಅತಿ ಮಂದ ಬೆಳಕನ್ನೂ ಹಿಡಿಯಿತು. ಸಹೋದ್ಯೋಗಿಗಳಿಗೆ ತೋರಿಸಲು ಅವಳು ಎರಡು ಚೂರುಗಳ ಚಿತ್ರದ ಕೆಳಗೆ ಬರೆದಳು: ‘ಮಳೆಗಾಲದ ಗಾಳಿಗೆ ಒಡ್ಡಲಾಯಿತು.’ ಯಾರು ಒಡ್ಡಿದರು? ನನ್ನ ಪಾತ್ರವನ್ನು ಎಲ್ಲಾದರೂ ದಾಖಲಿಸಲೇಬೇಕೆಂದು ಪಟ್ಟು ಹಿಡಿದೆ.

ಡಬ್ಬಿ ಈಗ ತಿರುವನಂತಪುರದ ಪ್ರಯೋಗಾಲಯದಲ್ಲಿದೆ. ಅದರ ಮೇಲೆ ಮಗಳು ಮಲಯಾಳದಲ್ಲಿ ಬರೆದ ಚೀಟಿ ಇದೆ: ‘ಅಪ್ಪ ಮುಟ್ಟಬಾರದು.’