ಅತ್ತೆಯ ಎಡಗಡೆಯ ಜೋಳ

ಭಾದ್ರಪದದ ಎರಡನೇ ಗುರುವಾರ, ಬೆಳಗಿನ ಆರು ಗಂಟೆ ನಲವತ್ತು ನಿಮಿಷ. ನಮ್ಮ ಅತ್ತೆಯ ಎಡ ಎದೆ ಮತ್ತೆ ಬೆಳೆಯುತ್ತಿರುವುದು ಗೊತ್ತಾದದ್ದು ಆಗ. ಅದನ್ನು ರಾಯಚೂರಿನಲ್ಲಿ ಕೊಯ್ದು ತೆಗೆದು ಆಗಲೇ ಏಳು ತಿಂಗಳಾಗಿತ್ತು!

ನಂಬದವರು ನನ್ನ ದಿನಚರಿ ನೋಡಬಹುದು. ಓದಲೆಂದು ದೇವದುರ್ಗದ ಅತ್ತೆಯ ಮನೆಯಲ್ಲಿರುವ ನಾನು ಎಲ್ಲವನ್ನೂ ಎಣಿಸಿ ಬರೆದಿಡುತ್ತೇನೆ. ಕಾಯಿಲೆ ತಿಳಿದ ಮೇಲೆ ಅತ್ತೆಯನ್ನು ನೋಡಲು ಬಂದವರು ನಲವತ್ತಮೂರು ಜನ. ಅದರ ಹೆಸರು ಹೇಳಿದವರು ಸೊನ್ನೆ! ಎಲ್ಲರೂ "ಆ ದೊಡ್ಡ ಬ್ಯಾನಿ" ಎಂದು ಪಿಸುಗುಟ್ಟುವವರೇ.

"ಕ್ಯಾನ್ಸರ್ ಅನ್ರಿ ಯವ್ವಾ, ನಾಲಿಗಿಗೇನು ಅಂಟಂಗಿಲ್ಲ," ಎಂದು ಅತ್ತೆ ಜೋರಾಗಿ ಹೇಳಿದ್ದಕ್ಕೆ ಇಬ್ಬರು ಚಹಾ ಬಿಟ್ಟು ಎದ್ದು ಹೋದರು.

ಆಪರೇಷನ್ ಆದ ಮೇಲೆ ಕುಪ್ಪಸದ ಖಾಲಿ ಕಡೆಗೆ ಆಕೆ ಹತ್ತಿ ತುಂಬಿಕೊಂಡಳು. ಮಾನ್ವಿ ಊರಿನ ಮದುವೆಯೊಂದರಲ್ಲಿ ಅಕ್ಷತೆ ಹಾಕಲು ಕೈಯೆತ್ತಿದ್ದೇ ತಡ, ಅದು ಹೆಗಲಿಗೆ ಬಂದು ಕೂತಿತು!

"ಹತ್ತಿಗಿ ತೂಕ ಇಲ್ಲಲೇ. ಜೋಳ ತಾ."

ಬಟ್ಟೆಯ ಚೀಲ ಹೊಲಿದು ಮುನ್ನೂರ ಇಪ್ಪತ್ತು ಗ್ರಾಂ ಜೋಳ ತುಂಬಿದೆವು. ಬಲಗಡೆಯದಕ್ಕೆ ಸರಿಹೊಂದುವ ತೂಕವನ್ನು ಹೇಗೆ ಕಂಡುಹಿಡಿದೆವು ಎಂಬುದೊಂದನ್ನು ಮಾತ್ರ ನಾನು ಬರೆದಿಟ್ಟಿಲ್ಲ.

ಹೊರಗೆ ಹೊರಟಾಗ ಚೀಲ ಮೈಮೇಲೆ, ಉಳಿದಂತೆ ಒಳಕೋಣೆಯ ಗೂಟಕ್ಕೆ. ಅಲ್ಲಿ ತೂಗುವಾಗಲೂ ಅದು ಅತ್ತೆಯ ಆಕಾರ ಬಿಡುತ್ತಿರಲಿಲ್ಲ. ಗಾಳಿಯಿಲ್ಲದಾಗಲೂ ಒಳಗಿನ ಕಾಳು ಸರ್ರೆಂದು ಜಾರುತ್ತಿತ್ತು. ಮಾವ ಆ ಕೋಣೆಗೆ ಒಬ್ಬರೇ ಹೋಗುವುದನ್ನು ಬಿಟ್ಟರು.

"ಅದು ನನ್ನ ನೋಡ್ತದ," ಎಂದರು.

"ಮೂವತ್ತು ವರ್ಷ ನೀವ ನೋಡೀರಿ. ಈಗ ಅದರ ಪಾಳಿ!" ಎಂದಳು ಅತ್ತೆ.

ಆ ಗುರುವಾರದ ಹಿಂದಿನ ಸೋಮವಾರ ಗೂಗಲ್ ಎಂಬ ಊರಿಗೆ ಹೋಗಿ ಬರುವಾಗ ಮಳೆಯಲ್ಲಿ ತೊಯ್ದು ತೊಪ್ಪೆಯಾದೆವು. ಒದ್ದೆ ಚೀಲ ಗೂಟಕ್ಕೇರಿತು. ಅತ್ತೆ ಎರಡು ದಿನ ಹೊರಗೆ ಹೋಗಲಿಲ್ಲ, ಅದನ್ನು ಯಾರೂ ಮುಟ್ಟಲೂ ಇಲ್ಲ.

ಗುರುವಾರ ರಾಯಚೂರಿನಲ್ಲಿ ತಪಾಸಣೆ. ಕಾಯಿಲೆ ಮರಳಿದೆಯೋ ಇಲ್ಲವೋ ಎಂದು ನೋಡುವ ದಿನ. ಚೀಲ ತರಲು ಹೋದೆ. ಅದು ಒಂದೂವರೆ ಪಟ್ಟು ಊದಿ ಬಿಗಿದುಕೊಂಡಿತ್ತು. ಮುಟ್ಟಿದೆ. ಬೆಚ್ಚಗಿತ್ತು! ಜೀವವಿರುವ ಮೈಯ ಹಾಗೆ ಬೆಚ್ಚಗೆ. ಹೊಲಿಗೆಯ ಸಂದಿಗಳಿಂದ ಬಿಳಿಯ ಸಣ್ಣ ಬೆರಳುಗಳು ಹೊರಗೆ ಚಾಚಿದ್ದವು.

"ಮತ್ತ ಬೆಳದದ! ಇವತ್ತ ದವಾಖಾನಿ ಬ್ಯಾಡ," ಎಂದರು ಮಾವ, ಬಾಗಿಲಾಚೆಯಿಂದಲೇ.

"ಮಳಿ ಕುಡದು ಕಾಳು ಮೊಳಕಿ ಒಡದಾವ್ರೀ! ಮೈಯಾಗಿದ್ದಾಗ ಈ ಎದಿ ನನ್ನ ಕೊಂದು ಹಾಕಾಕ ಬಂದಿತ್ತು, ಹೊರಗ ಬಂದು ಬಾಳ್ವಿ ಮಾಡಾಕತ್ತದ!" ಅತ್ತೆ ಚೀಲವನ್ನು ಅಂಗೈಯಲ್ಲಿ ಹಿಡಿದು ನಕ್ಕಳು. ಆದರೆ ಅವಳ ಇನ್ನೊಂದು ಕೈ ಬಲಗಡೆಯನ್ನು ಮೆಲ್ಲಗೆ ಒತ್ತಿ ನೋಡುತ್ತಿತ್ತು. ನಗು ನಿಂತಿತು.

"ಮದಲನೇ ಗಂಟು ಕೈಗಿ ಹತ್ತಿದಾಗ ಅಂಜಿ ನಾಕು ತಿಂಗಳು ಮುಚ್ಚಿಟ್ಟೆ. ಇನ್ನ ಮುಚ್ಚಂಗಿಲ್ಲ. ನಡೀರಿ."

ಈ ಸಲದ ರಿಪೋರ್ಟಿನಲ್ಲಿ ಏನೂ ಇರಲಿಲ್ಲ. ಮುಂದಿನ ತಪಾಸಣೆ ಮೂರು ತಿಂಗಳಿಗೆ. ಅತ್ತೆ ಚೀಲವನ್ನು ಬಟ್ಟೆ ಸಮೇತ ಮಣ್ಣು ತುಂಬಿದ ಹಳೇ ಎಣ್ಣೆ ಡಬ್ಬಿಯಲ್ಲಿ ಹೂತಳು. ಈಗ ಪೈರು ಗೇಣುದ್ದ ಎದ್ದಿದೆ. ತೆನೆ ಬಿಡುತ್ತದೆಯೇ? ಓಣಿಯಲ್ಲಿ ಕೇಳಿದೆ. ಬಿಡುತ್ತದೆ ಎಂದವರು ನಾಲ್ವರು, ಇಲ್ಲ ಎಂದವರು ಒಂಬತ್ತು. ದಿನಾ ನೀರು ಹಾಕುವವರು ಮಾತ್ರ ಮಾವ.

ನಿನ್ನೆ ಅತ್ತೆ ನಗದೆ ಕೇಳಿದಳು: "ತೆನಿ ಕಟ್ಟೂತನಕ ನಾ ಇರ್ತೀನಿಲ್ಲೇನು?"

ಪ್ರಶ್ನೆಯನ್ನು ದಿನಚರಿಯಲ್ಲಿ ಬರೆದು ಕೆಳಗೆ ಒಂದು ಸಾಲು ಖಾಲಿ ಬಿಟ್ಟಿದ್ದೇನೆ. ಡಬ್ಬಿಯಲ್ಲಿ ಒತ್ತಾಗಿ ಎದ್ದ ಜೋಳದಿಂದ ಒಂದಾದರೂ ತೆನೆ ತೆಗೆದವರಿದ್ದರೆ ದಯವಿಟ್ಟು ಬರೆಯಿರಿ. ಎಷ್ಟು ದಿನಕ್ಕೆ ಎಂಬುದನ್ನೂ ತಿಳಿಸಿ. ಸ್ವಲ್ಪ ಬೇಗ.